ಬೆಂಕಿಯ ತುಕ್ಕು

ಮೂಸೆಯ ನಾಲ್ಕನೆಯ ಚೂರನ್ನು ಗೋಣಿತಟ್ಟಿನ ಮೇಲೆ ಉಳಿದ ಮೂರರ ಪಕ್ಕಕ್ಕೆ ಇಟ್ಟೆ. ಐದನೆಯದು ಸಿಗಲಿಲ್ಲ. ಅದು ಹೊಳಿಯಪ್ಪನ ಮೈಗೆ ಅಂಟಿಕೊಂಡು ಅವನ ಜೊತೆಗೇ ಮಣ್ಣಿಗೆ ಹೋಗಿರಬೇಕು.

“ಗ್ಯಾನಪ್ಪ, ಗಾಡಿ ಹನ್ನೆರಡೂವರಿಗೆ ಐತ್ರಿ,” ಎಂದರು ಪೋಲೀಸ್ ಅಮೀನ ಜಿಲಾನಸಾಬರು. “ಈಗ ಹತ್ತು ಹೊಡದೈತಿ.”

“ನನ್ನ ಕಡೆ ಗಡಿಯಾರ ಇಲ್ರಿ ಸಾಹೇಬ್ರ. ನೀವ ನೋಡ್ಕೋತ ಕೂಡ್ರಿ.”

ಅವರು ಸಿಟ್ಟಾಗಲಿಲ್ಲ. ಕೊಪ್ಪಳ ಠಾಣೆಗೆ ಬಂದ ಅಮೀನರಲ್ಲಿ ಸಿಟ್ಟಾಗದವರು ಇವರೊಬ್ಬರೇ. ಮಗುಚಿ ಹಾಕಿದ ಅಚ್ಚಿನ ಪೆಟ್ಟಿಗೆಯ ಮೇಲೆ ಕೂತು, ಗಡಿಯಾರದ ಮುಚ್ಚಳ ತೆಗೆಯುತ್ತ ಮುಚ್ಚುತ್ತ ನನ್ನ ಕೈ ನೋಡುತ್ತಿದ್ದರು.

ಮೂರು ದಿನದ ಹಿಂದೆ ಇದೇ ಅಂಗಳದಲ್ಲಿ, ಕರಗಿದ ಹಿತ್ತಾಳೆ ತುಂಬಿದ ಮೂಸೆಯನ್ನು ಕುಣಿಒಲೆಯಿಂದ ಎತ್ತುವಾಗ ಅದು ಒಡೆದು, ಪಕ್ಕದಲ್ಲಿ ನಿಂತಿದ್ದ ಹೊಳಿಯಪ್ಪನ ಮೇಲೆ ಸುರಿದಿತ್ತು. ಇಕ್ಕಳ ಹಿಡಿದು ಎತ್ತಿದವನು ಅವನ ಒಲೆಯಲ್ಲಿ ಕೆಲಸಕ್ಕಿದ್ದ ಅಬ್ದುಲಸಾಬ. ಹಿಂದಿನ ದಿನವೇ ಅವನು ಪೇಟೆಯಲ್ಲಿ ನಾಲ್ಕು ಜನರ ಎದುರು “ನಿನ್ನ ಒಲಿ ಆರಸ್ತೀನಿ” ಎಂದು ಹೊಳಿಯಪ್ಪನಿಗೆ ಕೂಗಿ ಹೇಳಿದ್ದ. ಇನ್ನೇನು ಬೇಕು? ಈಗ ಅವನು ಠಾಣೆಯಲ್ಲಿದ್ದಾನೆ. ಹನ್ನೆರಡೂವರೆಯ ರೈಲುಗಾಡಿಗೆ ಖೂನಿಯ ಆರೋಪ ಹೊತ್ತು ರಾಯಚೂರಿಗೆ ಹೋಗುತ್ತಾನೆ. ಹಾಗೆ ಹೋದವರು ತಿರುಗಿ ಬಂದದ್ದು ಕಡಿಮೆ.

ಹೊಳಿಯಪ್ಪ ನನ್ನ ಕೈಯಲ್ಲಿ ಎರಕ ಕಲಿತವನು. ಹದಿನಾಲ್ಕು ವರ್ಷದ ಹಿಂದೆ ನನ್ನ ಬಲಗೈ ಮೇಲೆ ಹಿತ್ತಾಳೆ ಬಿದ್ದು ಬೆರಳುಗಳಲ್ಲಿ ಸ್ಪರ್ಶವೆಂಬುದು ಸತ್ತಿತು. ಆಮೇಲೆ ಒಲೆಯನ್ನು ಅವನಿಗೇ ಬಿಟ್ಟೆ. ಯಾವ ಹತ್ತಿ ಜಿನ್ನಿನ, ಎಂದರೆ ಅರಳೆ ಗಿರಣಿಯ, ಹಿತ್ತಾಳೆ ಭಾಗ ಯಾಕೆ ಸವೆಯಿತು, ಯಾರ ಎರಕ ಎಲ್ಲಿ ಕೆಟ್ಟಿತು ಎಂದು ನೋಡಿ ಹೇಳುವುದೇ ಈಗ ನನ್ನ ಕೆಲಸ. ಎರಡು ವರ್ಷದಿಂದ ಅಮೀನರೂ ಕರೆಯುತ್ತಾರೆ. ಮೊನ್ನೆ ಹೊಳಿಯಪ್ಪನನ್ನು ಬಟ್ಟೆಯಲ್ಲಿ ಸುತ್ತಿದವನೂ ನಾನೇ. ಅಳು ಬರಬೇಕಿತ್ತು. ಬರಲಿಲ್ಲ. ಕೈಗೆ ಬಂದದ್ದು ಎದೆಗೂ ಬಂತೇನೋ ಎಂದುಕೊಂಡು ಗಂಟು ಬಿಗಿದೆ.

“ಇಲ್ಲಿ ನೋಡ್ರಿ,” ಎಂದೆ.

ಎರಡು ಚೂರುಗಳನ್ನು ಎತ್ತಿ ಹಿಡಿದೆ. ಒಂದರ ಅಂಚು ಹೆಬ್ಬೆರಳಿನಷ್ಟು ದಪ್ಪ. ಇನ್ನೊಂದರದು ವೀಳ್ಯದೆಲೆಗಿಂತ ತುಸು ದಪ್ಪ, ಅಷ್ಟೇ.

“ಇಕ್ಕಳದಿಂದ ಹೊಡದ್ರ ಹಿಂಗ ಆಗಂಗಿಲ್ಲೇನು?”

“ಹೊಡದ್ರ ಒಡೀತೈತಿ, ತೆಳ್ಳಗ ಆಗಂಗಿಲ್ರಿ. ಇದು ಸವದದ್ದು. ದಿನಾ ಇಷ್ಟಿಷ್ಟ ಸವದೈತಿ.”

“ಮೂಸಿ ಹಳೇದಾಗಿತ್ತು, ಸವೀತು. ಲಡಾಯಿ ಶುರು ಆದ ಮ್ಯಾಲ ವಿಲಾಯತಿ ಮೂಸಿ ಎಲ್ಲಿ ಸಿಗತಾವ? ಇದ್ದದ್ದರಾಗ ನೂಕಿರಬೇಕು.”

ಪ್ರಶ್ನೆ ಸರಿಯಾಗಿತ್ತು. ನಾನು ಗೋಡೆ ತೋರಿಸಿದೆ. ಹೊಸ ಮೂಸೆ ಒಲೆಗಿಳಿದ ದಿನದಿಂದ ಪ್ರತಿ ಎರಕಕ್ಕೂ ಸುಣ್ಣದ ಒಂದು ಗೀಟು ಎಳೆಯುವುದು ನಾನೇ ಹೊಳಿಯಪ್ಪನಿಗೆ ಕಲಿಸಿದ ಪದ್ಧತಿ. ಇಪ್ಪತ್ತೊಂಬತ್ತು ಗೀಟುಗಳಿದ್ದವು. ವಿಲಾಯತಿ ಮೂಸೆ ಅದರ ಎರಡು ಪಟ್ಟು ಬಾಳುತ್ತದೆ.

“ಮತ್ತ, ಹಳೇದಾಗಿ ಸವದ್ರ ಸುತ್ತೂ ಸವೀಬೇಕು. ಇದು ಒಂದ ಬದಿಗೆ ಸವದೈತಿ. ಅದೂ ಹೊರಗಿಂದ. ಹಿತ್ತಾಳಿ ಮುಟ್ಟೂ ಒಳಮೈ ನೋಡ್ರಿ, ಹೆಂಗ ನುಣ್ಣಗ ಐತಿ.”

ಅಮೀನರು ಚೂರನ್ನು ತೆಗೆದುಕೊಂಡು ಬೆರಳಿನಿಂದ ಉಜ್ಜಿದರು. ಅವರ ಬೆರಳು ಕಪ್ಪಾಯಿತು. ಸವೆದ ಬದಿಯನ್ನು ಉಜ್ಜಿದಾಗ ಮಾತ್ರ ಬೂದಿಯಂಥ ಬಿಳಿಯ ಪುಡಿ ಉದುರಿತು.

“ಯಾತರಿಂದ ಮಾಡಿರತಾರ ಇದನ್ನ?”

“ಪೆನ್ಸಿಲಿನ ಸೀಸ, ಮಣ್ಣು. ಆ ಸೀಸ ಅಂದ್ರ ಅದೂ ಇದ್ದಲಿನ ಜಾತೀನ ರೀ. ಎಷ್ಟ ಕಾದ್ರೂ ಕರಗಂಗಿಲ್ಲ. ಆದ್ರ ಕೆಂಪಗ ಕಾದಾಗ ಗಾಳಿ ತಾಗಿದ್ರ ಸಾವಕಾಶ ಸುಟ್ಟ ಹೋಗತೈತಿ. ಅದಕ್ಕ ಮೈಮ್ಯಾಲ ಗಾಜಿನಂಥಾ ಪದರ ಕೊಟ್ಟಿರತಾರ. ಆ ಪದರ ಹೋತಂದ್ರ ಬೆಂಕಿ ಒಳಗ ಹೊಕ್ಕು ಸೀಸ ತಿಂತೈತಿ, ಬರೇ ಮಣ್ಣು ಉಳೀತೈತಿ. ಕಬ್ಬಿಣಕ್ಕ ನೀರಿನ ತುಕ್ಕು ಹಿಡೀತದಲ್ರಿ, ಇದಕ್ಕ ಬೆಂಕೀ ತುಕ್ಕು.”

“ಆ ಪದರ ಯಾಕ ಹೋತು?”

“ಅದನ್ನ ಹುಡಕಾಕ ಹತ್ತೀನ್ರಿ.”

ಅಷ್ಟರಲ್ಲಿ ಅಂಗಳದ ಬಾಗಿಲಲ್ಲಿ ಹಸನಬೀ ಬಂದು ನಿಂತಳು. ಅಬ್ದುಲಸಾಬನ ಹೆಂಡತಿ. ಕೈಯಲ್ಲಿ ರೊಟ್ಟಿಯ ಗಂಟು. ಠಾಣೆಯ ಜವಾನ ಒಳಗೆ ಬಿಡಲಿಲ್ಲವೆಂದು ಅಮೀನರನ್ನು ಹುಡುಕಿಕೊಂಡು ಬಂದಿದ್ದಳು.

“ಸಾಹೇಬ್ರ, ರಾಯಚೂರಿನ್ಯಾಗ ರೊಟ್ಟಿ ಕೊಡತಾರೇನ್ರಿ?”

ಸಂತೆಯಲ್ಲಿ ಬೆಲೆ ಕೇಳುವವಳಂತೆ ಕೇಳಿದಳು. ಮೂರು ದಿನ ಅತ್ತು ಮುಗಿಸಿದ್ದಳೆಂದು ಕಾಣುತ್ತದೆ. ಅಮೀನರು ಗಡಿಯಾರದ ಮುಚ್ಚಳ ಮುಚ್ಚಿದರು.

“ಅವ್ರು ಒಲಿ ಆರಸ್ತೀನಿ ಅಂದದ್ದು ಖರೇರಿ,” ಎಂದಳು ಅವಳು. “ಗದಗಿನ್ಯಾಗ ಕೆಲಸ ಗೊತ್ತಾಗಿತ್ತು. ಕೆಲಸ ಬಿಡ್ತೀನಿ ಅನ್ನೂದನ್ನ ಹಂಗಂದ್ರು. ಎರಕದವರು ಹಂಗ ಅಂತಾರ. ಗ್ಯಾನಪ್ಪಣ್ಣಾರ್ನ ಕೇಳ್ರಿ.”

“ಅಂತಾರ್ರಿ,” ಎಂದೆ. “ನಾನೂ ಅಂದೀನಿ, ಹದಿನಾಲ್ಕ ವರ್ಷದ ಹಿಂದ.”

“ಕೋರ್ಟಿನ್ಯಾಗ ಅದು ನಡಿಯಂಗಿಲ್ಲ,” ಎಂದರು ಅಮೀನರು.

“ಇಲ್ಲೇ ನಿಲ್ಲವಾ ಸ್ವಲ್ಪ,” ಎಂದು ಹಸನಬೀಗೆ ಹೇಳಿ ನಾನು ಒಲೆಯ ಬಳಿಗೆ ಹೋದೆ.

ಕುಣಿಒಲೆ ಎಂದರೆ ನೆಲದಲ್ಲಿ ತೋಡಿ ಇಟ್ಟಿಗೆ ಕಟ್ಟಿದ ಸೊಂಟದಾಳದ ಗುಂಡಿ. ತಳದಲ್ಲಿ ತಿದಿಯ ಗಾಳಿ ಬರುವ ತೂತು. ಹೊಟ್ಟೆಯ ಮೇಲೆ ಮಲಗಿ ತಲೆಯನ್ನು ಒಳಗೆ ಇಳಿಬಿಟ್ಟೆ. ತಣ್ಣಗಾದ ಒಲೆಗೆ ಒಂದು ವಾಸನೆಯಿರುತ್ತದೆ. ಮನೆಯವರು ಬಿಟ್ಟುಹೋದ ಮನೆಯ ವಾಸನೆ ಅದು.

ಮೂಸೆಗೆ ಹಿತ್ತಾಳೆ ಸುರಿಯಲು ಒಂದು ತುಟಿ ಇರುತ್ತದೆ. ತುಟಿ ಯಾವಾಗಲೂ ಅಚ್ಚುಗಳಿರುವ ಕಡೆಗೆ, ಎಂದರೆ ಇಲ್ಲಿ ಬೀದಿಯ ಕಡೆಗೆ. ತುಟಿಯಿದ್ದ ಚೂರಿನಿಂದ ಲೆಕ್ಕ ಹಿಡಿದರೆ ಸವೆದ ಬದಿ ಬಲಕ್ಕೆ ಬರುತ್ತದೆ. ಬಲಕ್ಕೆ ಅಡಿಗೆಮನೆಯ ಬಾಗಿಲು. ಎತ್ತುವಾಗ ಹೊಳಿಯಪ್ಪ ನಿಲ್ಲುತ್ತಿದ್ದದ್ದೂ ಅದೇ ಬದಿಗೆ, ಬಾಗಿಲಿಗೆ ಬೆನ್ನು ಕೊಟ್ಟು.

ಒಲೆಯ ಇಟ್ಟಿಗೆಗಳೂ ಅದನ್ನೇ ಹೇಳಿದವು. ಮೂರು ಬದಿಗೆ ಇಟ್ಟಿಗೆ ಇಟ್ಟಿಗೆಯಂತೆಯೇ ಇತ್ತು. ಬಾಗಿಲ ಬದಿಗೆ ಮಾತ್ರ ಕರಗಿ, ಗಾಜಿನಂತೆ ಹೊಳೆದು, ಬೆಲ್ಲದ ಪಾಕ ಸೋರಿದ ಹಾಗೆ ಕೆಳಗಿಳಿದಿತ್ತು. ಬರೀ ಇದ್ದಲಿನ ಬೆಂಕಿ ಹಾಗೆ ಮಾಡುವುದಿಲ್ಲ. ಆ ಬಾಗಿಲಲ್ಲಿ ನಿಂತು ಯಾರೋ ಒಲೆಗೆ ಏನನ್ನೋ ಹಾಕಿದ್ದರು. ಒಮ್ಮೆಯಲ್ಲ, ಬಹಳ ಸಲ.

ತಲೆ ಮೇಲೆತ್ತಿದೆ. ಆ ಬಾಗಿಲ ಹೊಸ್ತಿಲಲ್ಲಿ ಉಡಚಮ್ಮ ಕೂತಿದ್ದಳು. ಹೊಳಿಯಪ್ಪನ ಹೆಂಡತಿ. ಮದುವೆಯಾಗಿ ಬಂದ ದಿನದಿಂದ ನನ್ನನ್ನು ಅಣ್ಣ ಎನ್ನುವವಳು. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಬಳೆ ಒಡೆದ ಬರಿಗೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಬಳೆ ಇದ್ದಾಗ ಕಾಣದ ಸುಟ್ಟ ಕಲೆಗಳು ಮೊಣಕೈಯವರೆಗೆ ಸಾಲಾಗಿ ಕಂಡವು. ಎರಕದವರ ಮನೆಯಲ್ಲಿ ಯಾರ ಕೈಗಿಲ್ಲ ಎಂದುಕೊಂಡು ನಾನು ಕಣ್ಣು ತೆಗೆದೆ.

“ತಂಗಿ, ಒಲಿಗೆ ದೃಷ್ಟಿ ತಗೀತಿದ್ದೇನು?”

“ತಗೀತಿದ್ನಿ.”

ಪ್ರತಿ ಎರಕಕ್ಕೂ, ಮೂಸೆ ಎತ್ತುವ ಮೊದಲು, ಮನೆಯ ಹೆಂಗಸು ಒಂದು ಹಿಡಿ ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತಾಳೆ. ನನ್ನ ಒಲೆಗೂ ನನ್ನ ಹೆಂಡತಿ ಹಾಕಿದ್ದಳು, ಅವಳಿರುವವರೆಗೆ. ಒಂದು ಹಿಡಿ ಅಡಿಗೆಯ ಉಪ್ಪಿನಿಂದ ಇಷ್ಟೆಲ್ಲ ಹಾಳಾಗುವುದಿಲ್ಲ.

“ಆ ಉಪ್ಪು ಎಲ್ಲೈತಿ?”

ಅವಳು ಎದ್ದಳು. ಬಾಗಿಲ ಪಕ್ಕದ ಗೂಡಿನಿಂದ ಸಣ್ಣ ಮಡಕೆಯೊಂದನ್ನು ತೆಗೆದು ತಂದು ನನ್ನ ಕೈಗೆ ಕೊಟ್ಟಳು. ಬಲಗೈಗೆ ಬಂತು. ಭಾರ ತಿಳಿಯಿತು, ಮತ್ತೇನೂ ತಿಳಿಯಲಿಲ್ಲ.

ಎಡಗೈ ಹಾಕಿ ಒಂದು ಚಿಟಿಕೆ ತೆಗೆದೆ. ಉಪ್ಪಿನಂತೆಯೇ ಇತ್ತು, ಹರಳು ಮಾತ್ರ ಸ್ವಲ್ಪ ಉದ್ದ. ನಾಲಿಗೆಗೆ ಇಟ್ಟುಕೊಂಡೆ. ಉಪ್ಪು ರುಚಿಯ ಹಿಂದೆಯೇ ಬಾವಿಯ ನೀರು ಬಿದ್ದ ಹಾಗೆ ನಾಲಿಗೆ ತಣ್ಣಗಾಯಿತು.

ಎದ್ದು ನಿಂತೆ. ಅಮೀನರೂ ಎದ್ದರು.

“ತಂಗಿ, ಅಡಿಗಿ ಉಪ್ಪು ಒಂದೀಟು ಕೊಡು. ಯಂಕವ್ವ, ನಿಮ್ಮ ಮನಿಯಿಂದ ನಾಕು ಕೆಂಡ ತಗೊಂಡು ಬಾರವಾ.”

ಸೂತಕದ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಪಕ್ಕದ ಮನೆಯ ಯಂಕವ್ವ ಗೋಡೆಯಾಚೆಯಿಂದ ಎಲ್ಲವನ್ನೂ ನೋಡುತ್ತಿದ್ದಳಾದ್ದರಿಂದ ಅವಳನ್ನು ಎರಡನೆಯ ಸಲ ಕರೆಯಬೇಕಾಗಲಿಲ್ಲ. ಕುಳ್ಳಿನ ಕೆಂಡಗಳನ್ನು ಹೆಂಚಿನ ಮೇಲೆ ತಂದಿಟ್ಟಳು. ಉಡಚಮ್ಮ ತೆಂಗಿನ ಚಿಪ್ಪಿನಲ್ಲಿ ಅಡಿಗೆಯ ಉಪ್ಪು ತಂದು, ಅಮೀನರು ಕೈ ಚಾಚಿದ್ದರೂ ಕೊಡದೆ, ಅವರ ಕಾಲ ಬಳಿ ನೆಲಕ್ಕಿಟ್ಟು ಹಿಂದೆ ಸರಿದಳು.

ಅಮೀನರ ಮುಖ ಬಿಗಿಯಾಯಿತು.

“ಮನಸ್ಸಿಗೆ ಹಚ್ಕೋಬ್ಯಾಡ್ರಿ ಸಾಹೇಬ್ರ,” ಎಂದೆ. “ಉಪ್ಪು ಕೈಯಿಂದ ಕೈಗೆ ಕೊಡಂಗಿಲ್ಲ ನಮ್ಮಲ್ಲಿ. ಜಗಳ ಬರತೈತಿ ಅಂತಾರ. ನೆಲಕ್ಕ ಇಡತಾರ, ಬೇಕಾದವರು ಎತ್ಕೋತಾರ. ಅತ್ತಿ ಸೊಸಿಗೂ ಕೊಡಂಗಿಲ್ಲ, ಗಂಡ ಹೆಂಡತಿಗೂ ಕೊಡಂಗಿಲ್ಲ.”

“ನಮ್ಮ ಅಮ್ಮೀನೂ ಕೊಡತಿರಲಿಲ್ಲ,” ಎಂದಳು ಬಾಗಿಲಲ್ಲಿದ್ದ ಹಸನಬೀ.

ಅಮೀನರು ಬಗ್ಗಿ ಚಿಪ್ಪಿನಿಂದ ಒಂದು ಚಿಟಿಕೆ ತೆಗೆದು ನನಗೆ ತೋರಿಸಿದರು. ಕೆಂಡದ ಮೇಲೆ ಹಾಕಲು ಸನ್ನೆ ಮಾಡಿದೆ. ಹಾಕಿದರು. ಚಟಪಟ ಎಂದು ಸಿಡಿಯಿತು, ಎಲ್ಲ ಮನೆಗಳ ಉಪ್ಪೂ ಸಿಡಿಯುವ ಹಾಗೆ.

ಮಡಕೆಯದನ್ನು ನಾನು ಹಾಕಿದೆ. ಅದು ಸಿಡಿಯಲಿಲ್ಲ. ಸುರ್ರೆಂದು ಕೆಂಡವೇ ಹೊತ್ತಿಕೊಂಡಿತು. ಬೆಳ್ಳಗಿನ ಉರಿ, ಅಂಚಿಗೆ ನೇರಳೆ ಬಣ್ಣ. ಉರಿ ಇಳಿದಾಗ ಕೆಂಡದಲ್ಲಿ ಹಲ್ಲಿನಿಂದ ಕಚ್ಚಿದಂಥ ಗುಳಿ ಬಿದ್ದಿತ್ತು.

“ಶೋರಾ,” ಎಂದರು ಅಮೀನರು ಮೆಲ್ಲಗೆ.

“ನಾವು ಪೆಟ್ಲುಪ್ಪು ಅಂತೀವ್ರಿ. ಬಂದೂಕಿನ ಮದ್ದಿಗೆ ಹಾಕತಾರ. ಇದ್ದಲಿನ ಜಾತಿದು ಯಾವುದ ಇರಲಿ, ಕಾದಾಗ ಇದು ತಾಗಿದ್ರ ತಿಂತೈತಿ. ಮೂಸಿ ಮ್ಯಾಲಿನ ಗಾಜಿನ ಪದರಾನೂ ಕರಗಸತೈತಿ. ವಾರಕ್ಕ ಮೂರು ನಾಕು ಸಲ, ಒಂದ ಬದಿಗೆ, ಎರಡು ತಿಂಗಳು. ಅವತ್ತ ಅಬ್ದುಲಸಾಬ ಎತ್ತಿದ್ದು ಮೂಸಿ ಅಲ್ರಿ, ಬರೇ ಮಣ್ಣಿನ ಸಿಪ್ಪಿ. ಯಾರು ಎತ್ತಿದ್ರೂ ಒಡೀತಿತ್ತು. ನಾ ಎತ್ತಿದ್ರೂ ಒಡೀತಿತ್ತು.”

ಹಸನಬೀ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಇದನ್ನ ಮನ್ಯಾಗ ಇಟ್ಕೊಳ್ಳಾಕ ಈಗ ಪರವಾನಿಗಿ ಬೇಕು,” ಎಂದ ಅಮೀನರು ಜೇಬಿನಿಂದ ಪುಸ್ತಕ ತೆಗೆದರು. ಅವರ ಕಣ್ಣು ಉಡಚಮ್ಮನ ಮೇಲಿತ್ತು. “ನಿಮ್ಮ ತಂಗೀನ ಕೇಳ್ರಿ. ಇಲ್ಲಂದ್ರ ನಾ ಕೇಳತೀನಿ.”

ಕೇಳಲೇಬೇಕಿತ್ತು. ಕೇಳಿದರೆ ಅಬ್ದುಲಸಾಬ ಉಳಿಯುತ್ತಾನೆ. ಆದರೆ ಗಂಡನನ್ನು ಕೊಂದದ್ದನ್ನು ಒಲೆಗೆ ಹಾಕಿದ್ದು ತನ್ನ ಕೈಯೇ ಎಂದು ಈ ಹೆಣ್ಣುಮಗಳಿಗೆ ನನ್ನ ಬಾಯಿಂದ ತಿಳಿಯಬೇಕು. ಅವಳ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತೆ. ಎದೆಯಲ್ಲಿ ಏನಾದರೂ ಅಲುಗಬಹುದೆಂದು ಕಾದೆ. ಅಲುಗಲಿಲ್ಲ.

“ತಂಗಿ, ಈ ಉಪ್ಪು ಒಲ್ಯಾಗ ಹಾಕಿದಾಗ ಚಟಪಟ ಅಂತಿತ್ತೇನು?”

“ಮದಲಿನದು ಅಂತಿತ್ರಿ. ಇದು ಅಂತಿರಲಿಲ್ಲ. ಸುರ್ ಅಂದು ಬೆಳಕ ಬರತಿತ್ತು.”

“ನಿನಗೇನು ಅನಸಲಿಲ್ಲೇನು?”

“ದೃಷ್ಟಿ ಭಾಳ ಐತಿ ಅನಸ್ತು. ಜಿನ್ನಿನ ಕೆಲಸ ಎಲ್ಲಾ ಇವರಿಗೆ ಬರಾಕ ಹತ್ತಿತ್ತು. ಊರ ಕಣ್ಣ ಬಿದ್ದೈತಿ ಅಂದ್ಕೊಂಡ್ನಿ.” ಅವಳು ತಲೆ ಎತ್ತಲಿಲ್ಲ. “ಅದಕ್ಕ ಒಂದು ಹಿಡಿ ಹಾಕಾಕಿ, ಎರಡು ಹಿಡಿ ಹಾಕಿದ್ನಿ.”

ಗೋಡೆಯಾಚೆ ಯಂಕವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದೃಷ್ಟಿ ಹೆಚ್ಚೆಂದು ಉಪ್ಪು ಹೆಚ್ಚಿಸಿದ್ದಳು ಇವಳು. ಉಪ್ಪು ಹೆಚ್ಚಿದಷ್ಟೂ ಉರಿ ಹೆಚ್ಚಿತ್ತು, ಉರಿ ಹೆಚ್ಚಿದಷ್ಟೂ ದೃಷ್ಟಿ ಹೆಚ್ಚೆಂದು ಕಂಡಿತ್ತು. ನಮ್ಮ ಕೇರಿಯ ಯಾವ ಹೆಂಗಸಾದರೂ ಅದನ್ನೇ ಮಾಡುತ್ತಿದ್ದಳು.

“ಇದು ಅಜ್ಞಾನ,” ಎಂದರು ಅಮೀನರು. “ಖೂನಿ ಅಲ್ಲ.”

“ಅಜ್ಞಾನ ಈಕಿದು. ತಂದು ಕೊಟ್ಟವರದು ಅಲ್ರಿ.” ನಾನು ಅವಳ ಕಡೆಗೆ ತಿರುಗಿದೆ. “ಈ ಮಡಿಕ್ಯಾಗಿಂದು ನಿನಗ ಯಾರೋ ಕೊಟ್ಟಾರ. ಹೆಸರು ಆಮ್ಯಾಲ ಹೇಳು. ಮದಲ ಇದನ್ನ ಹೇಳು. ನೆಲಕ್ಕ ಇಟ್ರೋ, ಕೈಯಾಗ ಕೊಟ್ರೋ?”

ಅವಳು ಮಡಿಲಲ್ಲಿದ್ದ ಬರಿಗೈಯನ್ನು ತಿರುಗಿಸಿ ನೋಡಿಕೊಂಡಳು.

“ಕೈಯಾಗ ಕೊಟ್ರು.”

“ಸರಿಯಾಗಿ ನೆನಪ ಮಾಡ್ಕೊ.”

“ನೆನಪೈತ್ರಿ. ಗಂಟು ಕಟ್ಟಿದ್ರು. ನನ್ನ ಕೈಯಾಗ ಕೊಟ್ರು.”

ಮೂರು ದಿನದಲ್ಲಿ ಮೊದಲ ಬಾರಿ ಮೈಯಲ್ಲಿ ಒಂದಿಷ್ಟು ಬಿಸಿ ಹರಿಯಿತು. ಸುಳ್ಳು ಯಾಕೆ ಹೇಳಲಿ, ಅದು ದುಃಖವಾಗಿರಲಿಲ್ಲ, ಜಂಭವಾಗಿತ್ತು. ಬೆಳಗಿನಿಂದ ಹುಡುಕಿದ್ದು ಕೈಗೆ ಸಿಕ್ಕಿತ್ತು.

“ಬರಕೋರಿ ಸಾಹೇಬ್ರ,” ಎಂದೆ. “ಉಪ್ಪು ಅಂತ ತಿಳದವರು ಯಾರೂ ಅದನ್ನ ಕೈಯಾಗ ಕೊಡಂಗಿಲ್ಲ. ನಮ್ಮವರೂ ಕೊಡಂಗಿಲ್ಲ, ನಿಮ್ಮವರೂ ಕೊಡಂಗಿಲ್ಲ, ಈಗ ಕೇಳಿದ್ರಲ್ಲ. ಕೈಯಾಗ ಕೊಟ್ಟಾರ ಅಂದ ಮ್ಯಾಲ, ಕೊಟ್ಟವರಿಗೆ ಅದು ಉಪ್ಪಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೂ ಒಲಿಗೆ ಹಾಕು ಅಂತ ಕೊಟ್ಟಾರ. ಇಕ್ಕಳ ಹಿಡದಾಂವ ಖೂನಿ ಮಾಡಿಲ್ಲ. ಕೈಯಾಗ ಕೊಟ್ಟಾಂವ ಮಾಡ್ಯಾನ.”

ಅಮೀನರು ಉರ್ದುವಿನಲ್ಲಿ ಬರೆದರು. ಬರೆದು ಮುಗಿಸಿ ನನಗೆ ಕನ್ನಡದಲ್ಲಿ ಓದಿ ಹೇಳಿದರು. ಒಂದು ಮಾತನ್ನೂ ಬಿಟ್ಟಿರಲಿಲ್ಲ. ಸರಿ ಎಂದೆ. ಕೆಳಗೆ ಎಡಗೈಯಿಂದ ರುಜು ಹಾಕಿದೆ. ಬಲಗೈಗೆ ಲೇಖನಿ ಹಿಡಿಯಲು ಬರುವುದಿಲ್ಲ, ಹೆಬ್ಬೆಟ್ಟು ಒತ್ತೋಣವೆಂದರೆ ಅದರಲ್ಲಿ ಗೆರೆಗಳೂ ಉಳಿದಿಲ್ಲ.

“ಈಗ ಹೇಳು ತಂಗಿ. ಯಾರವರು?”

ಉಡಚಮ್ಮ ತಲೆಯೆತ್ತಿದಳು. ಅವಳ ಕಣ್ಣು ಒಣಗಿತ್ತು.

“ನೀವ ಅಲ್ಲೇನ್ರಿ ಅಣ್ಣಾರ.”

ನಾನು ಹಿಂದಕ್ಕೆ ತಿರುಗಿ ನೋಡಿದೆ, ನನ್ನ ಬೆನ್ನ ಹಿಂದೆ ಬೇರೆ ಯಾರಾದರೂ ನಿಂತಿದ್ದಾರೇನೋ ಎಂದು.

“ಎರಡು ತಿಂಗಳಾತು,” ಎಂದಳು ಅವಳು. “ನೀವು ಗಂಗಾವತಿಯಿಂದ ಬಂದ್ರಿ. ಒಳಗ ಬರ್ರಿ ಅಂದ್ರ ಬರಲಿಲ್ಲ. ಈ ಬಾಗಲದಾಗ ನಿಂತು ಗಂಟು ಕೈಯಾಗ ಕೊಟ್ರಿ. ಒಲಿಗೆ ಹಾಕೂದಂತ ಅಂದ್ರಿ. ಹ್ವಾದ್ರಿ.”

ನೆನಪಾಯಿತು. ಕೆಂಪು ಅರಿವೆಯ ಗಂಟು. ಅದರಲ್ಲಿ ಇದ್ದದ್ದು ಬಿಳಿಗಾರ ಎಂದು ನಾನು ತಿಳಿದಿದ್ದೆ. ಹಿತ್ತಾಳೆ ಕರಗುವಾಗ ಕಸ ಮೇಲೆ ಬರಲೆಂದು ಮೂಸೆಯೊಳಗೆ ಹಾಕುವ ಬಿಳಿಗಾರ ಎರಕದವರ ಮನೆಗೆ ವಾರವಾರ ಬರುತ್ತದೆ. ಅದನ್ನು ಯಾರೂ ನೆಲಕ್ಕಿಟ್ಟು ಕೊಡುವುದಿಲ್ಲ. ಒಲೆಗೆ ಹಾಕುವುದು ಎಂದರೆ ಎರಕದವರ ಮಾತಿನಲ್ಲಿ ಮೂಸೆಗೆ ಹಾಕುವುದೂ ಬಂತು. ಮನೆಯ ಹೆಂಗಸು ಒಲೆಗೆ ಹಾಕುವುದು ಮಾತ್ರ ಒಂದೇ, ದೃಷ್ಟಿಯ ಉಪ್ಪು. ಗಂಟನ್ನು ಇಡೀ ದಾರಿ ನನ್ನ ಬಲಗೈಯಲ್ಲಿ ಹಿಡಿದು ತಂದಿದ್ದೆ. ಬೆವರಿನ ಅಂಗೈಗೆ ಪೆಟ್ಲುಪ್ಪು ತಣ್ಣಗೆ ತಾಗುತ್ತದೆ. ಬೇರೆ ಯಾರ ಕೈಗಾದರೂ ತಾಗುತ್ತಿತ್ತು.

“ಖರೇನು ಗ್ಯಾನಪ್ಪ?” ಅಮೀನರ ದನಿ ಬದಲಾಗಿತ್ತು.

“ಗಂಟು ಕೊಟ್ಟದ್ದು ಖರೇರಿ. ಬಿಳಿಗಾರ ಅಂತ ಕೊಟ್ನಿ.”

“ನಿಮಗ ಯಾರು ಕೊಟ್ರು?”

“ಹೊಳಿಯಪ್ಪ. ಗಂಗಾವತಿ ಸಂತ್ಯಾಗ. ಹಳೇ ಹಿತ್ತಾಳಿ ತಗೊಳ್ಳಾಕ ಬಂದಿದ್ದ, ಇನ್ನೆರಡು ದಿನ ನಿಲ್ಲಾಂವ ಇದ್ದ. ನೀವು ಕೊಪ್ಪಳಕ್ಕ ಹೊಂಟೀರಿ, ಮನ್ಯಾಗ ಕೊಡ್ರಿ, ಒಲಿಗೆ ಹಾಕೂದು ಅಂತ ಹೇಳ್ರಿ ಅಂದ.”

ಹೇಳುವಾಗಲೇ ನನಗೆ ಕೇಳಿಸಿತು, ಅದು ಎಂಥ ಮಾತೆಂದು. ನನ್ನ ಪರವಾಗಿ ನುಡಿಯಬೇಕಾದ ಒಬ್ಬನೇ ಒಬ್ಬನನ್ನು ನಾನೇ ಬಟ್ಟೆಯಲ್ಲಿ ಸುತ್ತಿ ಗಂಟು ಬಿಗಿದು ಬಂದಿದ್ದೆ.

“ಆ ವಾರ ಅವ್ರು ಗಂಗಾವತಿಗೆ ಹೋಗಿರಲಿಲ್ರಿ,” ಎಂದಳು ಉಡಚಮ್ಮ.

ದನಿಯಲ್ಲಿ ಏರಿಳಿತವಿರಲಿಲ್ಲ.

“ಜ್ವರ ಬಂದು ಒಳಗ ಮಲಗಿದ್ರು. ಒಲಿ ಹಚ್ಚಿರಲಿಲ್ಲ. ನಾನ ಗಂಜಿ ಕುಡಿಸಿದ್ನಿ.”

ಅಮೀನರು ಹಸನಬೀಯ ಕಡೆಗೆ ನೋಡಿದರು. “ನಿನ್ನ ಗಂಡಗ ಗೊತ್ತಿರಬೇಕಲ್ಲ, ಆ ವಾರ ಹೊಳಿಯಪ್ಪ ಮನ್ಯಾಗ ಇದ್ನೋ ಇಲ್ಲೋ?”

“ಎರಡು ತಿಂಗಳ ಹಿಂದಂದ್ರ ನಾವು ಊರಾಗ ಇರಲಿಲ್ರಿ,” ಎಂದಳು ಅವಳು. “ಕುಷ್ಟಗಿಗೆ ನನ್ನ ತಂಗಿ ಲಗ್ನಕ್ಕ ಹೋಗಿದ್ವಿ. ಎಂಟು ದಿನ ಅಲ್ಲೇ ಇದ್ವಿ.”

ಯಂಕವ್ವ ಗೋಡೆಯ ಮೇಲಿನಿಂದ ಕಾಣೆಯಾಗಿದ್ದಳು. ಕೆಂಡಗಳು ಬೂದಿಯಾಗಿದ್ದವು.

ಅಮೀನರು ಪುಸ್ತಕ ಮುಚ್ಚಿದರು. “ಹಸನಬೀ, ಠಾಣೇಕ ನಡಿ. ನಿನ್ನ ಗಂಡನ್ನ ಗಾಡಿಗೆ ಹಾಕಬ್ಯಾಡ ಅಂತ ಅಮೀನಸಾಬ್ರು ಹೇಳ್ಯಾರ ಅನ್ನು. ನಾ ಹಿಂದ ಬರತೀನಿ.” ಆಮೇಲೆ ನನ್ನ ಕಡೆಗೆ ತಿರುಗಿದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. “ನೀವ ಬರಸಿದ್ದು, ಗ್ಯಾನಪ್ಪ. ನೀವ ರುಜು ಹಾಕಿದ್ದು. ಕೈಯಾಗ ಕೊಟ್ಟಾಂವ ಮಾಡ್ಯಾನ ಅಂತ.”

“ಹೌದ್ರಿ.”

“ಏಳ್ರಿ.”

ಹಸನಬೀ ಹೊರಟವಳು ಎರಡು ಹೆಜ್ಜೆ ಇಟ್ಟು ನಿಂತಳು. ತಿರುಗಿ ಬಂದು ರೊಟ್ಟಿಯ ಗಂಟನ್ನು ನನ್ನ ಪಕ್ಕದಲ್ಲಿ ಇಟ್ಟಳು. ಅಣಕಕ್ಕಲ್ಲ, ಅವಳ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ.

“ಅಲ್ಲಿ ಕೊಡತಾರೋ ಇಲ್ಲೋ,” ಎಂದಳು. “ಇರ್ಲಿ ರೀ ಅಣ್ಣಾರ.”

ಅವಳು ಹೋದಳು. ನಾನು ಗಂಟಿಗೆ ಬಲಗೈ ಹಾಕಿ, ಏನೂ ತಿಳಿಯದೆ, ಎಡಗೈ ಹಾಕಿದೆ. ರೊಟ್ಟಿ ಇನ್ನೂ ಬಿಸಿಯಿತ್ತು.

ಎತ್ತಲು ಬಗ್ಗಿದಾಗ ಕಣ್ಣಿಗೆ ಬಿತ್ತು. ಗಂಟಿನ ಪಕ್ಕದಲ್ಲೇ ತೆಂಗಿನ ಚಿಪ್ಪು ಇತ್ತು, ಅಡಿಗೆಯ ಉಪ್ಪಿನದು, ಉಡಚಮ್ಮ ನೆಲಕ್ಕಿಟ್ಟು ಹಿಂದೆ ಸರಿದ ಜಾಗದಲ್ಲೇ. ಗಂಡ ಸತ್ತ ಮೂರನೆಯ ದಿನವೂ, ಪೋಲೀಸರ ಎದುರಿಗೂ, ಅವಳು ಉಪ್ಪನ್ನು ಕೈಗೆ ಕೊಟ್ಟಿರಲಿಲ್ಲ.

ಅದಕ್ಕೆ ಸ್ವಲ್ಪ ಮೊದಲು ಗೂಡಿನ ಮಡಕೆಯನ್ನು ತಂದಾಗ ಅವಳು ನೆಲಕ್ಕೆ ಇಟ್ಟಿರಲಿಲ್ಲ. ನೇರವಾಗಿ ನನ್ನ ಕೈಗೆ ಕೊಟ್ಟಿದ್ದಳು.

ಎರಡು ತಿಂಗಳಿಂದ ಉಪ್ಪೆಂದೇ ತಿಳಿದು ನಿವಾಳಿಸುತ್ತಿದ್ದೆ ಎಂದವಳು.

ನಾನು ತಂದ ಗಂಟಿನಲ್ಲಿ ಬಿಳಿಗಾರವೇ ಇತ್ತು, ಪೆಟ್ಲುಪ್ಪನ್ನು ಗೊತ್ತಿದ್ದೇ ಒಲೆಗೆ ಹಾಕಿದವಳು ಇವಳು ಎಂದು ಆಗ ಗೊತ್ತಾಯಿತು. ಬಲಗೈಯನ್ನು ನೋಡಿಕೊಂಡೆ. ಅದು ತನ್ನ ಪಾಡಿಗೆ ಸುಮ್ಮನೆ ತೂಗುಬಿದ್ದಿತ್ತು. ತಲೆಯೆತ್ತಿದರೆ ಉಡಚಮ್ಮನೂ ಅದೇ ಚಿಪ್ಪನ್ನು ನೋಡುತ್ತಿದ್ದಳು. ಆಮೇಲೆ ನನ್ನನ್ನು ನೋಡಿದಳು. ಸುಟ್ಟ ಕಲೆಗಳ ಮೇಲೆ ಸೆರಗು ಎಳೆದುಕೊಂಡಳು. ಎರಕದ ಕಿಡಿ ಸಿಡಿದರೆ ಕಲೆಗಳು ಹಾಗೆ ಸಾಲಾಗಿ ಬೀಳುವುದಿಲ್ಲ.

“ಏನ್ರಿ ಗ್ಯಾನಪ್ಪ,” ಎಂದರು ಅಮೀನರು ಬಾಗಿಲಿನಿಂದ. “ಇನ್ನೇನರೆ ಹೇಳೂದು ಐತೇನು?”

ಗಾಡಿಗೆ ಇನ್ನೂ ಒಂದು ತಾಸು ಇತ್ತು. ಹೇಳಿದರೆ ಅದಕ್ಕೆ ನನ್ನ ತಂಗಿ ಹತ್ತುತ್ತಾಳೆ, ಹೇಳದಿದ್ದರೆ ನಾನು.